ಬಿದ್ದ ಮರಿ, ಇಳಿದ ಮರಿ

ನಮ್ಮ ಹೆಂಚಿನ ಮನೆಯ ನಡುಮನೆಯಲ್ಲಿ ಗೋಡೆಯುದ್ದಕ್ಕೂ ಪಟಗಳಿದ್ದವು. ಮೇಲಂಚು ಮುಂದಕ್ಕೆ ಬಾಗಿದಂತೆ ತೂಗುಹಾಕುತ್ತಿದ್ದರಿಂದ ಪ್ರತಿ ಪಟದ ಹಿಂದೆಯೂ ಒಂದು ಗೂಡಿಗೆ ಆಗುವಷ್ಟು ಜಾಗ. ಮುತ್ತಜ್ಜನ ಪಟದ ಹಿಂದಿನ ಜಾಗ ಗುಬ್ಬಚ್ಚಿಗಳದು. ಒಣಹುಲ್ಲು, ಪೊರಕೆ ಕಡ್ಡಿ, ಅಕ್ಕನ ಜಡೆ ಟೇಪಿನ ಎಳೆಗಳು ಮುತ್ತಜ್ಜನ ತಲೆಯ ಮೇಲಿಂದ ಜೋತಾಡುತ್ತಿದ್ದವು. ಯಾರೂ ತೆಗೆಯುತ್ತಿರಲಿಲ್ಲ.

ನನಗೆ ಎಂಟು ವರ್ಷವಿದ್ದಾಗ ಒಂದು ಬೆಳಿಗ್ಗೆ ಆ ಗೂಡಿನಿಂದ ಮರಿಯೊಂದು ಕೆಳಗೆ ಬಿತ್ತು. ಮೈಮೇಲೆ ಒಂದು ಪುಕ್ಕವಿಲ್ಲ. ಕಣ್ಣಿರಬೇಕಾದ ಕಡೆ ಎರಡು ನೀಲಿ ಉಬ್ಬು. ಎತ್ತಿ ಅಂಗೈಯಲ್ಲಿಟ್ಟುಕೊಂಡೆ. ಅಡುಗೆಮನೆಯಿಂದ ಬಂದ ಅಜ್ಜಿ, "ಅಯ್ಯೋ, ಮುಟ್ಟಿಬಿಟ್ಟೆಯಾ? ಇನ್ನು ಅದರ ತಾಯಿ ಸೇರಿಸಲ್ಲ ಕಣೋ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮರಿಯ ಬಗ್ಗೆ ಮರುಕವಿತ್ತು. ತಾಯಿ ಬಿಟ್ಟ ಮರಿಯನ್ನು ನಾವೇ ಸಾಕಬೇಕೆಂದು ಅಕ್ಕನೂ ನಾನೂ ತೀರ್ಮಾನಿಸಿದೆವು. ಹತ್ತಿಯ ಹಾಸಿಗೆ ಮಾಡಿ ಮಂಕರಿಯ ಕೆಳಗಿಟ್ಟೆವು. ಇಂಕ್ ಫಿಲ್ಲರ್‌ನಲ್ಲಿ ಹಾಲು ಬಿಟ್ಟೆವು. ಅನ್ನವನ್ನು ನುರಿದು ಬಾಯಿಗೆ ತುರುಕಿದೆವು. ಮಧ್ಯಾಹ್ನವೆಲ್ಲ ತಾಯಿ ಗುಬ್ಬಿ ತೊಲೆಯ ಮೇಲೆ ಕೂತು ಬಿಡದೆ ಕೂಗುತ್ತಿತ್ತು. ಅದರ ಕೊಕ್ಕಿನಲ್ಲಿ ಹಸಿರು ಹುಳುವೊಂದು ಒದ್ದಾಡುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮುಟ್ಟಿದ್ದಕ್ಕೆ ನನ್ನನ್ನು ಬೈಯುತ್ತಿದೆ ಎಂದುಕೊಂಡಿದ್ದೆ. ರಾತ್ರಿ ದೀಪ ಹಚ್ಚಿ ಮಂಕರಿ ಎತ್ತಿದಾಗ ಮರಿ ಸತ್ತಿತ್ತು.

ಗೂಡು ಒಂದು ಸ್ಟೂಲು ಹತ್ತಿದರೆ ಎಟುಕುವ ಎತ್ತರದಲ್ಲಿತ್ತು. ತಾಯಿ ಗುಟುಕು ಹಿಡಿದುಕೊಂಡು ಎದುರಿಗೇ ಕಾಯುತ್ತಿತ್ತು. ಮರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಿದ್ದರೆ ಸಾಕಿತ್ತು.

ವಾಸನೆಯ ಮೇಲೆ ಹೊರಿಸಿದ ಅಪವಾದ

ಮನುಷ್ಯ ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸುವುದಿಲ್ಲ ಎಂಬ ಮಾತನ್ನು ನಮ್ಮಲ್ಲಿ ಬಹಳಷ್ಟು ಜನ ಚಿಕ್ಕಂದಿನಲ್ಲೇ ಕೇಳಿರುತ್ತಾರೆ. ಕೆಲವು ಕಡೆ ಇದು ಇನ್ನೂ ಮುಂದೆ ಹೋಗಿ, ಅಂಥ ಗುಬ್ಬಿಯನ್ನು ಉಳಿದ ಗುಬ್ಬಿಗಳು ಕುಕ್ಕಿ ಸಾಯಿಸುತ್ತವೆ, ಅಂಥ ಕಾಗೆಯನ್ನು ಕಾಗೆಗಳು ಕುಲದಿಂದ ಹೊರಗಿಡುತ್ತವೆ ಎಂದೂ ಹೇಳುತ್ತಾರೆ. ಮುಟ್ಟಿದ್ದಕ್ಕೆ ಹೊರಗಿಡುವ ಪದ್ಧತಿ ಯಾರದು ಎಂಬುದು ನಮಗೆ ಗೊತ್ತಿರುವುದೇ. ಅದನ್ನು ನಾವು ಹಕ್ಕಿಯ ತಲೆಗೆ ಕಟ್ಟಿದ್ದೇವೆ. ಯಾಕೆ ಸೇರಿಸುವುದಿಲ್ಲ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಮರಿಗೆ ಮನುಷ್ಯರ ವಾಸನೆ ಅಂಟುತ್ತದೆ.

ಹಕ್ಕಿಗಳಿಗೆ ಮೂಗೇ ಇಲ್ಲ ಎಂದು ಹೇಳಿ ಈ ನಂಬಿಕೆಯನ್ನು ತಳ್ಳಿಹಾಕುವುದು ಸುಲಭ. ಬಹಳ ಕಾಲ ವಿಜ್ಞಾನಿಗಳೂ ಹಾಗೇ ನಂಬಿದ್ದರು. ಅಮೆರಿಕದ ಹಕ್ಕಿ ಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ 1826ರಲ್ಲಿ ಅಲ್ಲಿನ ರಣಹದ್ದುಗಳ ಬಗ್ಗೆ ಒಂದು ಪ್ರಬಂಧ ಬರೆದು, ಅವು ಹೆಣವನ್ನು ಹುಡುಕುವುದು ಕಣ್ಣಿನಿಂದಲೇ ಹೊರತು ವಾಸನೆಯಿಂದಲ್ಲ ಎಂದು ವಾದಿಸಿದ. ಆ ಮಾತು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅದನ್ನು ಅಲುಗಾಡಿಸಿದ್ದು ನಮ್ಮ ಅಡುಗೆಮನೆಯಲ್ಲೂ ಇರುವ ಒಂದು ವಾಸನೆ. ಅಡುಗೆ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದು ಅದಕ್ಕೆ ಕೊಳೆತ ನಾತದ ಮರ್ಕ್ಯಾಪ್ಟನ್ ಎಂಬ ವಸ್ತುವನ್ನು ಬೆರೆಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅನಿಲ ಕೊಳವೆ ಎಲ್ಲಿ ಸೋರುತ್ತದೋ ಅದರ ಮೇಲೆ ಟರ್ಕಿ ವಲ್ಚರ್ ಎಂಬ ರಣಹದ್ದುಗಳು ಸುತ್ತು ಹೊಡೆಯುವುದನ್ನು ಕೊಳವೆ ಕೆಲಸದವರು ಗಮನಿಸಿದ್ದರು. ಕೆನೆತ್ ಸ್ಟೇಜರ್ ಎಂಬ ವಿಜ್ಞಾನಿ ಇದರ ಬೆನ್ನು ಹತ್ತಿ, ಆ ಹದ್ದು ನಿಜಕ್ಕೂ ವಾಸನೆ ಹಿಡಿದೇ ಬರುತ್ತದೆಂದು 1960ರ ದಶಕದಲ್ಲಿ ತೋರಿಸಿಕೊಟ್ಟ. ಕತ್ತಲಲ್ಲಿ ಎರೆಹುಳು ಹುಡುಕುವ ಕಿವಿ ಹಕ್ಕಿ, ಸಮುದ್ರದ ಮೇಲೆ ಮೈಲಿಗಟ್ಟಲೆ ಅಲೆದು ಮೀನು ಹುಡುಕುವ ಆಲ್ಬಟ್ರಾಸ್, ಇವೂ ಮೂಗನ್ನು ನೆಚ್ಚಿದ ಹಕ್ಕಿಗಳೇ.

ಆದ್ದರಿಂದ ಹಕ್ಕಿಗೆ ವಾಸನೆ ತಿಳಿಯುತ್ತದೆಯೇ ಎಂಬುದಕ್ಕಿಂತ, ಮನುಷ್ಯರ ವಾಸನೆ ಬಂತೆಂದು ಅದು ಮರಿಯನ್ನು ಬಿಡುತ್ತದೆಯೇ ಎಂದು ಕೇಳಬೇಕು. ಇದಕ್ಕೆ ಉತ್ತರ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿದೆ. ನಮ್ಮ ಚೇಕಡಿ ಹಕ್ಕಿಯ ಹತ್ತಿರದ ನೆಂಟನೊಂದು ಅಲ್ಲಿ ಮರದ ಪೆಟ್ಟಿಗೆಗಳಲ್ಲಿ ಗೂಡು ಮಾಡುತ್ತದೆ. ಡೇವಿಡ್ ಲ್ಯಾಕ್ 1947ರಲ್ಲಿ ಶುರುಮಾಡಿದ ಅಧ್ಯಯನ ಇಂದಿಗೂ ನಡೆಯುತ್ತಿದೆ. ಪ್ರತಿ ವಸಂತದಲ್ಲಿ ಸಂಶೋಧಕರು ಪೆಟ್ಟಿಗೆಯ ಬಾಗಿಲು ತೆರೆದು, ಮರಿಗಳನ್ನು ಒಂದೊಂದಾಗಿ ಬರಿಗೈಯಲ್ಲಿ ಎತ್ತಿ, ತೂಗಿ, ಕಾಲಿಗೆ ಉಂಗುರ ತೊಡಿಸಿ ಮತ್ತೆ ಒಳಗಿಡುತ್ತಾರೆ. ಎಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಹೀಗೆ ಮುಟ್ಟಿಸಿಕೊಂಡ ಮರಿಗಳಿಗೆ ಲೆಕ್ಕವಿಲ್ಲ. ತಾಯ್ತಂದೆ ಕೈಬಿಡುವುದಾಗಿದ್ದರೆ ಆ ಅಧ್ಯಯನ ಮೊದಲ ವರ್ಷವೇ ಮುಗಿದುಹೋಗುತ್ತಿತ್ತು. ಸಂಶೋಧಕರು ಬೆನ್ನು ತಿರುಗಿಸಿದ ಸ್ವಲ್ಪ ಹೊತ್ತಿಗೆ ಹಕ್ಕಿಗಳು ಗುಟುಕು ಹಿಡಿದು ವಾಪಸ್ಸು ಬರುತ್ತವೆ.

ಒಂದು ಎಚ್ಚರಿಕೆ ಇದೆ. ಗೂಡು ಕಟ್ಟುತ್ತಿರುವಾಗ, ಇಲ್ಲವೇ ಮೊಟ್ಟೆಯಿಟ್ಟ ಮೊದಲ ದಿನಗಳಲ್ಲಿ ಪದೇ ಪದೇ ಕೆದಕಿದರೆ ಕೆಲವು ಹಕ್ಕಿಗಳು ಆ ಜಾಗವನ್ನೇ ಬಿಟ್ಟುಹೋಗುತ್ತವೆ. ಮೊಳಕೆ ಬರುವ ಮೊದಲೇ ಹೊಲ ಹಾಳಾದರೆ ರೈತ ಮತ್ತೆ ಉತ್ತು ಬಿತ್ತುತ್ತಾನೆ. ತೆನೆ ಹಾಲುಗಟ್ಟಿದ ಮೇಲೆ ಹಂದಿ ನುಗ್ಗಿದರೂ ಅಟ್ಟಣೆ ಹಾಕಿ ಕಾಯುತ್ತಾನೆ. ಹಕ್ಕಿಯ ನಡತೆಯೂ ಹಾಗೆಯೇ. ಮೊಟ್ಟೆ ಒಡೆದು ಮರಿ ಹೊರಬಂದ ಮೇಲೆ ಅದನ್ನು ಬಿಟ್ಟುಹೋಗುವುದು ಅಪರೂಪ.

ಪಂಕ್ತಿಯಲ್ಲಿ ಬಡಿಸುವವರು

ಹಾಗಾದರೆ ತಾಯಿ ಏನನ್ನು ನೋಡಿ ಇದು ನನ್ನ ಮರಿ ಎಂದುಕೊಳ್ಳುತ್ತದೆ?

ಮದುವೆ ಮನೆಯ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಹುಳಿಯ ಬಕೆಟ್ ಹಿಡಿದು ಬರುವವರು ನೀವು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ವಿಚಾರಿಸುವುದಿಲ್ಲ. ನೀವು ಪಂಕ್ತಿಯಲ್ಲಿ ಕೂತಿದ್ದೀರಿ, ಮುಂದೆ ಎಲೆ ಹರಡಿದೆ, "ಇಲ್ಲಿ ಸ್ವಲ್ಪ" ಎಂದು ಕೂಗುತ್ತೀರಿ. ಅಷ್ಟು ಸಾಕು, ಹುಳಿ ಬೀಳುತ್ತದೆ. ಎಲೆ ಮಡಚಿದವರನ್ನು ದಾಟಿ ಮುಂದೆ ಹೋಗುತ್ತಾರೆ.

ಗೂಡಿನಲ್ಲಿ ಮರಿಗಳಿರುವ ಹಕ್ಕಿ ಈ ಬಡಿಸುವವರ ಹಾಗೆ. ಅದಕ್ಕೆ ಬೇಕಾದವು ಮೂರು ಗುರುತು: ಜಾಗ, ತೆರೆದ ಬಾಯಿ, ಕೂಗು. ಇಷ್ಟಿದ್ದರೆ ಗುಟುಕು ಸಿಗುತ್ತದೆ. ಮರಿಯ ಮುಖ, ಬಣ್ಣ, ಗಾತ್ರ ಇವನ್ನು ತಾಳೆ ನೋಡುವ ಪುರುಸೊತ್ತು ಅದಕ್ಕಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹಾರಾಟ ಮುಗಿಯುವುದೇ ಇಲ್ಲ.

ಮರಿಗಳೂ ಇದಕ್ಕೆ ತಕ್ಕಂತೆಯೇ ರೂಪುಗೊಂಡಿವೆ. ಹಕ್ಕಿಮರಿಯ ಬಾಯಿಯ ಅಂಚಿಗೆ ಹಳದಿ ದಡಿ ಕಟ್ಟಿದಂತಿರುತ್ತದೆ, ಒಳಗೆ ಕೆಂಪೋ ಕಿತ್ತಳೆಯೋ ಹೊಳೆಯುತ್ತದೆ. ಮಬ್ಬು ಗೂಡಿನಲ್ಲೂ ಅದು ಇಲ್ಲಿ ಹಾಕು ಎಂದು ಬರೆದಿಟ್ಟಷ್ಟು ಸ್ಪಷ್ಟ. ಕಣ್ಣು ತೆರೆಯದ ಮರಿಗೆ ಗೂಡು ಅಲುಗಿದರೆ ಸಾಕು, ಕತ್ತು ನೀಳ ಮಾಡಿ ಬಾಯಿ ತೆರೆಯುತ್ತದೆ. ಮುಂದೆ 1973ರಲ್ಲಿ ನೊಬೆಲ್ ಪಡೆದ ನಿಕೊ ಟಿನ್‌ಬರ್ಗನ್ 1930ರ ದಶಕದ ಕೊನೆಯಲ್ಲಿ ತನ್ನ ಸಹೋದ್ಯೋಗಿಯೊಂದಿಗೆ ಕರಿಹಕ್ಕಿ ಮತ್ತು ಥ್ರಷ್ ಮರಿಗಳ ಮುಂದೆ ರಟ್ಟಿನ ಬಿಲ್ಲೆಗಳನ್ನು ಹಿಡಿದು ನೋಡಿದ. ಕಣ್ಣು ತೆರೆದ ಮರಿಗಳು ರಟ್ಟಿಗೂ ಬಾಯಿ ತೆರೆದವು. ಮರಿಗೆ ತಾಯಿಯ ಗುರುತು ಎಷ್ಟು ಒರಟೋ, ತಾಯಿಗೆ ಮರಿಯ ಗುರುತೂ ಅಷ್ಟೇ ಒರಟು. ಅಮೆರಿಕದ ಉತ್ತರ ಕೆರೊಲಿನಾದ ಒಂದು ಮನೆಯ ಕೊಳದಲ್ಲಿ ಹೊಂಬಣ್ಣದ ಮೀನುಗಳು ತಿಂಡಿಗಾಗಿ ನೀರಿನಿಂದ ಬಾಯಿ ಮೇಲೆತ್ತುತ್ತಿದ್ದವು. ಕಾರ್ಡಿನಲ್ ಎಂಬ ಕೆಂಪು ಹಕ್ಕಿಯೊಂದು ಆ ಬಾಯಿಗಳನ್ನು ಕಂಡು ದಡದಲ್ಲಿ ಕೂತು ಮೀನುಗಳಿಗೆ ಗುಟುಕು ಹಾಕತೊಡಗಿತು. ಆ ಫೋಟೊ ಪಠ್ಯಪುಸ್ತಕ ಸೇರಿದೆ.

ಅಷ್ಟು ದೂರ ಹೋಗುವುದೂ ಬೇಡ, ನಮ್ಮ ಊರಿನ ಕಾಗೆಯನ್ನೇ ನೋಡಬಹುದು. ಹಕ್ಕಿಗಳಲ್ಲೆಲ್ಲ ಜಾಣ ಎನಿಸಿಕೊಂಡ ಕಾಗೆ ಕೋಗಿಲೆಯ ಮರಿಗೆ ವಾರಗಟ್ಟಲೆ ಗುಟುಕು ಹಾಕುತ್ತದೆ. ಕೋಗಿಲೆಗೆ ಹಳೆಯ ಕಾವ್ಯಗಳಲ್ಲಿ ಪರಭೃತ, ಪರಪುಟ್ಟ ಎಂಬ ಹೆಸರುಗಳಿವೆ. ಎರಡಕ್ಕೂ ಅರ್ಥ ಒಂದೇ, ಪರರಿಂದ ಸಾಕಿಸಿಕೊಂಡದ್ದು. ಈ ಸಂಗತಿಯನ್ನು ಕಂಡು ಹೆಸರಿಟ್ಟವರಿಗೆ, ಬೇರೆ ಜಾತಿಯ ಮರಿಯನ್ನೇ ಸೇರಿಸಿಕೊಳ್ಳುವ ಕಾಗೆ ತನ್ನ ಮರಿಯನ್ನು ಮನುಷ್ಯ ಮುಟ್ಟಿದನೆಂದು ಏಕೆ ಬಿಟ್ಟೀತು ಎಂಬ ಪ್ರಶ್ನೆ ಯಾಕೆ ಹೊಳೆಯಲಿಲ್ಲವೋ.

ಇಂಗ್ಲೆಂಡಿನಲ್ಲಿ ಜೊಂಡಿನ ನಡುವೆ ಗೂಡು ಕಟ್ಟುವ ಒಂದು ಉಲಿಹಕ್ಕಿ ಇದೆ. ತೂಕ ಹನ್ನೆರಡು ಗ್ರಾಮಿನ ಆಸುಪಾಸು. ಅದರ ಗೂಡಿನಲ್ಲಿ ಬೆಳೆಯುವ ಕುಕೂ ಹಕ್ಕಿಯ ಮರಿ ಕೊನೆಗೆ ಸಾಕುತಾಯಿಯ ಏಳೆಂಟು ಪಟ್ಟು ತೂಗುತ್ತದೆ. ಬಾಯಿ ಒಂದೇ, ಆದರೆ ನಾಲ್ಕು ಮರಿಗಳಿಗೆ ಬೇಕಾಗುವಷ್ಟು ಆಹಾರ ಬೇಕು. ಕೇಂಬ್ರಿಡ್ಜಿನ ನಿಕೊಲಸ್ ಡೇವಿಸ್, ರೆಬೆಕಾ ಕಿಲ್ನರ್ ಮತ್ತು ಸಂಗಡಿಗರು ಇದರ ಗುಟ್ಟನ್ನು ಬಿಡಿಸಿ 1998ರಲ್ಲಿ ಪ್ರಕಟಿಸಿದರು. ಕುಕೂ ಮರಿಯ ಕೂಗು ಎಷ್ಟು ತ್ವರಿತವೆಂದರೆ, ಕೇಳಿದರೆ ಗೂಡಿನ ತುಂಬ ಮರಿಗಳು ಒಟ್ಟಿಗೆ ಚೀರಿದಂತಿರುತ್ತದೆ. ಅವರು ಗೂಡಿನಲ್ಲಿ ಅಷ್ಟೇ ದೊಡ್ಡದಾದ ಬೇರೊಂದು ಹಕ್ಕಿಯ ಮರಿಯನ್ನಿಟ್ಟರು. ಉಲಿಹಕ್ಕಿಗಳು ಅದಕ್ಕೂ ಗುಟುಕು ಹಾಕಿದವು, ಆದರೆ ಸಾಲುವಷ್ಟು ತರಲಿಲ್ಲ. ಪಕ್ಕದಲ್ಲಿ ಪುಟ್ಟ ಸ್ಪೀಕರಿಟ್ಟು ಕುಕೂವಿನ ಕೂಗು ಕೇಳಿಸಿದಾಗ ತರುವುದು ಹೆಚ್ಚಾಯಿತು. ಬಾಯಿ ಎಲ್ಲಿಗೆ ಹಾಕಬೇಕೆಂದು ತೋರಿಸುತ್ತದೆ, ಕೂಗು ಎಷ್ಟು ತರಬೇಕೆಂದು ಹೇಳುತ್ತದೆ.

ಮಡಚಿದ ಎಲೆ

ಇಷ್ಟೆಲ್ಲ ನಿಜವಾದರೂ ಅಜ್ಜಿಯ ಮಾತು ಬರೀ ಕಟ್ಟುಕತೆ ಎಂದು ನಾನು ಹೇಳಲಾರೆ. ಬಿದ್ದ ಮರಿಯನ್ನು ಗೂಡಿಗೆ ಸೇರಿಸಿದ ಮೇಲೂ ತಾಯಿ ಅದನ್ನು ತಿರುಗಿ ನೋಡದೇ ಇದ್ದುದನ್ನು ಅವರು ಖಂಡಿತ ಕಂಡಿರಬೇಕು. ಅವರ ಕಣ್ಣು ಸುಳ್ಳು ಹೇಳಿರಲಿಲ್ಲ, ಕಾರಣ ಮಾತ್ರ ಬೇರೆ ಇತ್ತು.

ದೊಡ್ಡ ಹಕ್ಕಿಯ ಮೈ ನಮ್ಮದಕ್ಕಿಂತ ಬಿಸಿ, ಸುಮಾರು 40ರಿಂದ 42 ಡಿಗ್ರಿ. ಪುಕ್ಕ ಬಾರದ ಮರಿಗೆ ಮಾತ್ರ ಮೈ ಬಿಸಿಮಾಡಿಕೊಳ್ಳುವ ಶಕ್ತಿಯೇ ಇರುವುದಿಲ್ಲ. ಮೊದಲ ಕೆಲವು ದಿನ ಅದು ಹೆಚ್ಚುಕಡಿಮೆ ಹಲ್ಲಿಯಂತೆ. ತಾಯಿ ಕಾವು ಕೊಟ್ಟರೆ ಬಿಸಿ, ಸಿಮೆಂಟಿನ ನೆಲದ ಮೇಲೆ ಬಿದ್ದಿದ್ದರೆ ಸ್ವಲ್ಪ ಹೊತ್ತಿಗೇ ತಣ್ಣಗೆ. ತಣ್ಣಗಾದ ಮರಿ ಕತ್ತೆತ್ತುವುದಿಲ್ಲ, ಬಾಯಿ ತೆರೆಯುವುದಿಲ್ಲ, ಕೂಗುವುದಿಲ್ಲ. ಅಂಥ ಮರಿಯನ್ನು ಗೂಡಿಗೆ ಹಾಕಿದರೆ ಅದು ಪಂಕ್ತಿಯಲ್ಲಿ ಎಲೆ ಮಡಚಿ ಕೂತಂತೆ. ತಾಯಿ ಪಕ್ಕದ ಬಾಯಿಗೆ ಬಡಿಸಿ ಹೋಗುತ್ತದೆ. ನೋಡುವವರಿಗೆ ತಾಯಿ ಇದನ್ನು ದೂರ ಮಾಡಿತು ಅನಿಸುತ್ತದೆ.

ಇನ್ನೊಂದು ಕಾರಣ ನಾವೇ. ಮರಿ ಬಿತ್ತೆಂದರೆ ಮನೆಯವರೆಲ್ಲ ಸುತ್ತ ನಿಂತು ನೋಡುತ್ತೇವೆ. ನಾವಿರುವ ತನಕ ತಾಯಿ ಬರುವುದಿಲ್ಲ. ಅರ್ಧ ಗಂಟೆ ಕಾದು, "ಬರಲೇ ಇಲ್ಲ ನೋಡಿ" ಎಂದು ಮರಿಯನ್ನು ಒಳಗೊಯ್ಯುತ್ತೇವೆ.

ಆದ್ದರಿಂದ ಬರಿಮೈ ಮರಿ ಸಿಕ್ಕರೆ ಮೊದಲು ಬೆಚ್ಚಗೆ ಮಾಡಬೇಕು. ಎರಡು ಅಂಗೈಗಳ ನಡುವೆ ಹಿಡಿದುಕೊಂಡರೆ ಆಯಿತು, ಇಲ್ಲವೇ ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ಮೈ ಬೆಚ್ಚಗಾಗಿ ಮರಿ ಕಾಲು ಆಡಿಸಿ ಕತ್ತೆತ್ತತೊಡಗಿದ ಮೇಲೆ ಗೂಡಿಗೆ ಸೇರಿಸಬೇಕು.

ಗೂಡೇ ಬಿದ್ದುಹೋಗಿದ್ದರೆ ಬದಲಿ ಗೂಡೂ ನಡೆಯುತ್ತದೆ. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಇದು ಪ್ರತಿ ವರ್ಷದ ಪಾಡು. ಚಿಕ್ಕ ಬಿದಿರಿನ ಬುಟ್ಟಿಗೆ ತೆಂಗಿನ ನಾರು, ಒಣಹುಲ್ಲು ತುಂಬಿ, ಹಳೆಯ ಗೂಡಿದ್ದ ಕೊಂಬೆಗೇ ಕಟ್ಟಬೇಕು. ಅದಾಗದಿದ್ದರೆ ಕೈಗೆಟುಕುವ ಹತ್ತಿರದ ಕೊಂಬೆಯಾದರೂ ಸರಿ, ಮೇಲೆ ನೆರಳಿರಲಿ. ತಳದಲ್ಲಿ ನೀರು ಬಸಿದುಹೋಗುವಂತಿರಲಿ, ಆದ್ದರಿಂದ ಪ್ಲಾಸ್ಟಿಕ್ ಡಬ್ಬಿ ಬೇಡ. ಹತ್ತಿಯೂ ಬೇಡ, ಅದರ ಎಳೆಗಳು ಮರಿಯ ಉಗುರಿಗೆ ಸುತ್ತಿಕೊಳ್ಳುತ್ತವೆ. ಆಮೇಲೆ ಅಲ್ಲಿಂದ ದೂರ ಸರಿಯಬೇಕು, ಕಿಟಕಿಯ ಹಿಂದಿನಿಂದ ಒಂದೆರಡು ಗಂಟೆ ಗಮನಿಸಬೇಕು. ಮರಿ ಕೂಗಿದರೆ ತಾಯಿ ಕೇಳಿಸಿಕೊಳ್ಳುತ್ತದೆ.

ಹಾರಲು ಬಾರದ್ದು ಗೂಡೇಕೆ ಬಿಡುತ್ತದೆ?

ಇಲ್ಲಿಯವರೆಗೆ ಹೇಳಿದ್ದು ಬಿದ್ದ ಮರಿಯ ಮಾತು. ಆದರೆ ನೆಲದ ಮೇಲೆ ಸಿಗುವ ಎಷ್ಟೋ ಮರಿಗಳು ಬಿದ್ದವೇ ಅಲ್ಲ, ತಾವಾಗಿ ಇಳಿದು ಬಂದವು. ಇಂಗ್ಲಿಷಿನಲ್ಲಿ ನೆಸ್ಟ್‌ಲಿಂಗ್, ಫ್ಲೆಜ್‌ಲಿಂಗ್ ಎಂದು ಎರಡು ಬೇರೆ ಪದಗಳಿವೆ. ನಾನು ಗೂಡುಮರಿ, ಜಿಗಿಮರಿ ಎನ್ನುತ್ತೇನೆ. ಗೂಡುಮರಿಗೆ ಬರಿಮೈ, ಇಲ್ಲವೇ ಮೈತುಂಬ ಮುಳ್ಳಿನಂಥ ಪುಕ್ಕದ ಮೊಳಕೆ. ಅದು ನಿಲ್ಲಲಾರದು, ಹೊಟ್ಟೆಯ ಮೇಲೆ ತೆವಳುತ್ತದೆ. ಜಿಗಿಮರಿಗೆ ಪುಕ್ಕ ಬಂದಿರುತ್ತದೆ, ಬಾಲ ಮೋಟಾಗಿರುತ್ತದೆ, ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿದು ಕೂರುತ್ತದೆ. ಕುಪ್ಪಳಿಸುತ್ತದೆ, ರೆಕ್ಕೆ ಬಡಿದು ಮೊಳದಷ್ಟು ಎತ್ತರ ಏರಿ ಮತ್ತೆ ಬೀಳುತ್ತದೆ. ಇದನ್ನು ಕಂಡು ನಾವು ಪಾಪ, ಹಾರಲು ಬರುವ ಮುಂಚೆಯೇ ಬಿದ್ದುಬಿಟ್ಟಿದೆ ಎಂದುಕೊಳ್ಳುತ್ತೇವೆ. ನಿಜವಾಗಿ ಅದು ಸರಿಯಾದ ದಿನವೇ ಹೊರಟಿರುತ್ತದೆ.

ಹಾರಲು ಕಲಿತು ಹೊರಟರಾಗದೆ? ಇಷ್ಟು ಅವಸರ ಯಾಕೆ?

ಕುಟ್ರು ಹಕ್ಕಿ ಮರ ಕೊರೆದು ಪೊಟರೆಯಲ್ಲಿ ಮರಿ ಮಾಡುತ್ತದೆ. ಮರಿಗಳು ಐದು ವಾರ ಒಳಗೇ ಇರುತ್ತವೆ. ಗಿಳಿಮರಿಗಳು ಆರೇಳು ವಾರ, ಗೊರವಂಕದ ಮರಿಗಳು ಮೂರು ವಾರ. ನಮ್ಮ ದಾಸವಾಳದ ಗಿಡದಲ್ಲಿ ಬಟ್ಟಲಿನಂಥ ಗೂಡು ಕಟ್ಟುವ ಪಿಕಳಾರದ ಮರಿಗಳಾದರೋ ಎರಡು ವಾರ ತುಂಬುವ ಮೊದಲೇ ಗೂಡು ಬಿಡುತ್ತವೆ. ಪೊಟರೆಯದು ಗಟ್ಟಿ ಬಾಗಿಲಿನ ಮನೆ, ಪಿಕಳಾರದ್ದು ಚಾವಣಿಯೂ ಇಲ್ಲದ ಬಟ್ಟಲು. ಗೂಡು ಬಿಡುವ ವಯಸ್ಸು ಆ ಗೂಡು ಎಷ್ಟು ಸುರಕ್ಷಿತ ಎಂಬುದರ ಮೇಲೆ ನಿಂತಿದೆ.

ನಮಗೆ ಗೂಡೆಂದರೆ ಬೆಚ್ಚನೆಯ ಆಸರೆ. ಹಾವು, ಬೆಕ್ಕು, ಮುಂಗುಸಿ, ಕೆಂಬೂತಕ್ಕೆ ಅದು ಒಂದೇ ಕಡೆ ಸಿಗುವ ಮೂರು ಮೂರು ತುತ್ತು. ಮರಿಗಳು ಬೆಳೆದಂತೆ ಕೂಗು ದೊಡ್ಡದಾಗುತ್ತದೆ, ತಾಯ್ತಂದೆಯ ಓಡಾಟ ಹೆಚ್ಚುತ್ತದೆ, ಗುಟ್ಟು ಬಯಲಾಗುತ್ತದೆ. ಒಂದು ಸಲ ಕಣ್ಣಿಗೆ ಬಿತ್ತೆಂದರೆ ಒಂದೂ ಉಳಿಯುವುದಿಲ್ಲ. ನಮ್ಮ ಅಜ್ಜಿ ಸಂತೆಗೆ ಹೊರಟರೆ ದುಡ್ಡನ್ನೆಲ್ಲ ಒಂದೇ ಕಡೆ ಇಟ್ಟುಕೊಳ್ಳುತ್ತಿರಲಿಲ್ಲ. ಸ್ವಲ್ಪ ಎಲೆಅಡಿಕೆಯ ಸಂಚಿಯಲ್ಲಿ, ಸ್ವಲ್ಪ ಸೆರಗಿನ ಗಂಟಿನಲ್ಲಿ, ಉಳಿದದ್ದು ಮನೆಯ ಸಾಸಿವೆ ಡಬ್ಬಿಯಲ್ಲಿ. ಪಿಕಳಾರ ಮಾಡುವುದೂ ಅದನ್ನೇ. ಮೂರು ಮರಿಗಳನ್ನು ಮೂರು ಪೊದೆಗೆ ಹಂಚಿಬಿಡುತ್ತದೆ. ಬೆಕ್ಕಿಗೆ ಒಂದು ಸಿಕ್ಕರೂ ಇನ್ನೆರಡು ಉಳಿಯಬಹುದು.

ಮರಿಯ ದೃಷ್ಟಿಯಿಂದ ನೋಡಿದರೆ ಇದು ಕಷ್ಟದ ಒಪ್ಪಂದ. ಮೊಂಟಾನಾ ವಿಶ್ವವಿದ್ಯಾಲಯದ ಥಾಮಸ್ ಮಾರ್ಟಿನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮರಿಗಳು ಗೂಡಿನ ಬಳಿಯಿಂದ ಹೊರಡುವುದನ್ನು ಕೆಲವು ದಿನ ತಡೆಹಿಡಿದು ನೋಡಿದರು. ತಡವಾಗಿ ಹೊರಟ ಮರಿಗಳ ರೆಕ್ಕೆ ಹೆಚ್ಚು ಬಲಿತಿತ್ತು, ಹೆಚ್ಚು ಚೆನ್ನಾಗಿ ಹಾರಿದವು, ಹೊರಗೆ ಹೆಚ್ಚು ಬದುಕಿದವು. ಅಂದರೆ ಹೊರಟ ನಂತರದ ದಿನಗಳ ಮಟ್ಟಿಗೆ ಕಾಯುವುದೇ ಲೇಸು. ಆದರೆ ಅಷ್ಟು ದಿನ ಎಲ್ಲವೂ ಒಂದೇ ಬಟ್ಟಲಲ್ಲಿದ್ದರೆ ಎಲ್ಲವೂ ಒಟ್ಟಿಗೆ ಹೋಗುವ ಭಯ. ಈ ಎರಡು ಅಪಾಯಗಳ ನಡುವೆ ಎಲ್ಲಿ ಸಮವಾಗುತ್ತದೋ ಅಲ್ಲಿ ಮರಿ ಜಿಗಿಯುತ್ತದೆ. ಎಷ್ಟೋ ಸಲ ತಾಯ್ತಂದೆಯೇ ಗುಟುಕು ಹಿಡಿದು ಒಂದು ಮಾರು ದೂರದ ಕೊಂಬೆಯಲ್ಲಿ ಕೂತು ಕರೆಯುತ್ತವೆ, ಗೂಡಿಗೆ ಬರುವುದೇ ಇಲ್ಲ. ಹಸಿವು ತಡೆಯದೆ ಮರಿ ಹೊರಡುತ್ತದೆ.

ಗೂಡು ಬಿಟ್ಟ ಮೇಲೆ ಬಡಿಸುವವರ ಕೆಲಸ ಕಠಿಣವಾಗುತ್ತದೆ. ಪಂಕ್ತಿ ಎದ್ದಾಗಿದೆ, ಜಾಗದ ಗುರುತು ಇನ್ನಿಲ್ಲ. ಇಲ್ಲಿ ದನಿ ಮುಖ್ಯವಾಗುತ್ತದೆ. ಅಮೆರಿಕದ ಮೈಕೆಲ್ ಬೀಚರ್ ಮರಳು ದಂಡೆಯಲ್ಲಿ ನೂರಾರು ಬಿಲ ತೋಡಿ ಒಟ್ಟಾಗಿ ಬಾಳುವ ಕವಲುತೋಕೆ ಹಕ್ಕಿಗಳನ್ನು ಅಭ್ಯಾಸ ಮಾಡಿದ. ಮರಿಗಳಿಗೆ ಸುಮಾರು ಹದಿನೈದು ದಿನವಾಗುವ ತನಕ ಒಂದು ಬಿಲದ ಮರಿಯನ್ನು ಇನ್ನೊಂದು ಬಿಲಕ್ಕೆ ಬದಲಿಸಿದರೂ ತಾಯ್ತಂದೆ ಸಾಕುತ್ತವೆ. ಆಮೇಲೆ ಸಾಕುವುದಿಲ್ಲ. ಆ ಹೊತ್ತಿಗೆ ಪ್ರತಿ ಮರಿಯ ಕೂಗಿಗೂ ತನ್ನದೇ ಆದ ಏರಿಳಿತ ಬಂದಿರುತ್ತದೆ. ಮರಿಗಳು ಬಿಲ ಬಿಟ್ಟು ಬೆರೆತುಹೋಗುವ ಹೊತ್ತೂ ಅದೇ. ಒಂಟಿಯಾಗಿ ಗೂಡು ಮಾಡುವ ಇನ್ನೊಂದು ಜಾತಿಯ ಕವಲುತೋಕೆಗೆ ಮರಿಗಳು ಬೆರೆಯುವ ಪ್ರಮೇಯವೇ ಇಲ್ಲ. ಅದು ತನ್ನದು, ಬೇರೆಯದು ಎಂದು ಎಣಿಸುವುದೂ ಇಲ್ಲ.

ನಮ್ಮ ಕೆಲಸಕ್ಕೆ ಇದರಿಂದ ಒಂದು ಅಳತೆಗೋಲು ಸಿಗುತ್ತದೆ. ಜಿಗಿಮರಿಯನ್ನು ರಸ್ತೆಯಿಂದ ಎತ್ತಿ ಹತ್ತು ಹೆಜ್ಜೆ ಆಚೆಯ ಪೊದೆಗೆ ಬಿಟ್ಟರೆ ಏನೂ ಕೆಡುವುದಿಲ್ಲ. ಅದರ ಕೂಗು ತಾಯಿಗೆ ಕೇಳಿಸುವಷ್ಟು ದೂರದಲ್ಲಿದೆ. ಆಟೋ ಹತ್ತಿಸಿ ಬೇರೆ ಬಡಾವಣೆಗೆ ಒಯ್ದರೆ ಮುಗಿಯಿತು. ಅದನ್ನು ಗೂಡಿಗೆ ತುರುಕುವುದೂ ವ್ಯರ್ಥ, ಮತ್ತೆ ಜಿಗಿಯುತ್ತದೆ. ರೆಕ್ಕೆ ಬಲಿಯುತ್ತಿರುವ ಮರಿಗಳಿರುವ ಗೂಡಿನೊಳಗೆ ಇಣುಕುವುದೂ ತಪ್ಪು, ಹೆದರಿ ಎಲ್ಲವೂ ದಿನಕ್ಕೆ ಮುಂಚೆಯೇ ಹೊರಬೀಳುತ್ತವೆ.

ಬೇಸಿಗೆಯಲ್ಲಿ ಕಾಗೆ ಬಂದು ತಲೆಗೆ ಬಡಿದರೆ ಶನಿ ಎಂದು ಹೆದರುವವರಿದ್ದಾರೆ. ಅವರಿಗೆ ನಾನು ಹೇಳುವುದು, ಅಲ್ಲೇ ಬೇಲಿಯ ಬುಡದಲ್ಲಿ ನೋಡಿ ಎಂದು. ಮೋಟುಬಾಲದ ಮರಿಯೊಂದು ಕೂತಿರುವ ಸಂಭವವೇ ಹೆಚ್ಚು.

ಹಾಲು, ಅನ್ನ, ಫಿಲ್ಲರ್

ನಮ್ಮ ಗುಬ್ಬಿಮರಿ ಯಾಕೆ ಸತ್ತಿತೆಂದು ಈಗ ಅಂದಾಜು ಮಾಡಬಲ್ಲೆ. ಚಳಿ ಒಂದು ಕಾರಣವಿರಬೇಕು. ಇನ್ನೊಂದು ಆ ಫಿಲ್ಲರ್. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ತಾಯಿ ಗುಟುಕನ್ನು ಅದರಾಚೆ ಗಂಟಲಿಗೆ ಇಳಿಸುತ್ತದೆ. ನಾವು ಹನಿಸುವ ಹಾಲು, ನೀರು ನೇರ ಶ್ವಾಸಕೋಶಕ್ಕೆ ಹೋಗಿಬಿಡಬಹುದು. ಹಾಲಿನ ಸಕ್ಕರೆಯನ್ನು ಹಕ್ಕಿಗಳು ಅರಗಿಸಿಕೊಳ್ಳಲಾರವು ಕೂಡ. ಇನ್ನು ಅನ್ನ. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ ನಿಜ, ಆದರೆ ಮರಿಗೆ ತರುವುದು ಹುಳು. ಎರಡು ವಾರದಲ್ಲಿ ಮೈತುಂಬ ಪುಕ್ಕ ಹೊದೆಯಬೇಕಾದ ಮರಿಗೆ ಅನ್ನದ ಗಂಜಿ ಏನೇನೂ ಸಾಲದು. ಪಾರಿವಾಳದ ಕತೆಯೇ ಬೇರೆ. ತಾಯಿ ತಂದೆ ಎರಡೂ ಗಂಟಲ ಚೀಲದಲ್ಲಿ ಹಾಲಿನಂಥ ಗಟ್ಟಿ ಪದಾರ್ಥ ತಯಾರಿಸಿ ಮರಿಯ ಬಾಯಿಗೆ ಇಳಿಸುತ್ತವೆ.

ಆದ್ದರಿಂದ ತಣ್ಣಗಿರುವ ಮರಿಗೆ ಏನನ್ನೂ ತಿನ್ನಿಸಬೇಡಿ, ಬಾಯಿಗೆ ನೀರು ಬಿಡಬೇಡಿ. ಬೆಚ್ಚಗೆ, ಕತ್ತಲಾಗಿ, ಸದ್ದಿಲ್ಲದ ಕಡೆ ಇಡಿ.

ಕೆಲವು ಸಲ ಕೈಗೆತ್ತಿಕೊಳ್ಳಲೇಬೇಕು. ಬೆಕ್ಕು ಬಾಯಿ ಹಾಕಿದ ಮರಿಗೆ ಗಾಯ ಕಾಣದಿದ್ದರೂ ಬೆಕ್ಕಿನ ಹಲ್ಲಿನ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಅದನ್ನು ಕೊಲ್ಲಬಹುದು. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ರೆಕ್ಕೆ ಜೋತಿದ್ದರೆ, ರಕ್ತ ಒಸರುತ್ತಿದ್ದರೆ, ತಾಯಿ ಸತ್ತಿರುವುದು ಕಣ್ಣೆದುರಿಗಿದ್ದರೆ ಕೂಡ ಅಷ್ಟೇ. ಗೂಬೆ, ಹದ್ದಿನ ಮರಿಗಳ ಉಗುರು ಕೊಕ್ಕು ಬಲ್ಲವರೇ ಅವನ್ನು ಎತ್ತಲಿ. ಬೆಂಗಳೂರಿನವರಿಗೆ ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ನಡೆಸುವ ವನ್ಯಜೀವಿ ಆಸ್ಪತ್ರೆ ಇದೆ. ಬೇರೆ ಕಡೆ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬಹುದು. ಸಿಕ್ಕಿತೆಂದು ಗಿಳಿಮರಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಟಿಟ್ಟಿಭದ ಮರಿಗಳನ್ನು ಕಂಡು ಮೋಸಹೋಗಬಾರದು. ಬಯಲ ನೆಲದಲ್ಲಿ ಮೊಟ್ಟೆಯಿಡುವ ಈ ಹಕ್ಕಿಯ ಮರಿಗಳು ಕೋಳಿಮರಿಗಳಂತೆ ಹುಟ್ಟುತ್ತಲೇ ಕಣ್ಣು ತೆರೆದು, ಮೈಮೇಲೆ ತುಪ್ಪುಳ ಹೊದ್ದು, ಕೆಲವೇ ಗಂಟೆಗಳಲ್ಲಿ ಓಡಾಡುತ್ತವೆ. ಅವುಗಳಿಗೆ ಬೀಳುವ ಗೂಡೇ ಇಲ್ಲ. ಬಯಲಲ್ಲಿ ಒಂಟಿಯಾಗಿ ಮುದುರಿ ಕೂತಿದ್ದರೆ ತಾಯಿಯ ಎಚ್ಚರಿಕೆಯ ಕೂಗು ಕೇಳಿ ಅಡಗಿದೆ ಎಂದರ್ಥ. ಸುಮ್ಮನೆ ದಾರಿ ಬಿಟ್ಟು ನಡೆಯಬೇಕು.

ಕಿಟಕಿಯ ಹಿಂದೆ

ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಹುಡುಗಿ ಸ್ವೀಟ್ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. "ಅಂಕಲ್, ನಾನು ಮುಟ್ಟಿಲ್ಲ. ಪೇಪರಿನಲ್ಲಿ ಎತ್ತಿ ಹಾಕಿಕೊಂಡು ಬಂದೆ" ಎಂದಳು. ಒಳಗೊಂದು ಪಿಕಳಾರದ ಜಿಗಿಮರಿ. ತಲೆಯ ಮೇಲೆ ಪುಟ್ಟ ಜುಟ್ಟು, ಬಾಯಿಯ ಅಂಚಿನಲ್ಲಿ ಹಳದಿ ದಡಿ, ಕೆನ್ನೆಯ ಕೆಂಪು ಮೀಸೆ ಇನ್ನೂ ಮೂಡಿರಲಿಲ್ಲ. ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಅವಳ ಬೆರಳ ಮೇಲೆ ಕೂರಿಸಿದೆ. ಅದು ಬಿಗಿಯಾಗಿ ಹಿಡಿದುಕೊಂಡಿತು. ಅವಳು ಉಸಿರು ಬಿಗಿಹಿಡಿದಳು.

ಮರಿ ಸಿಕ್ಕ ಜಾಗಕ್ಕೇ ಹೋದೆವು. ಗೇಟಿನ ಪಕ್ಕದ ದಾಸವಾಳದಲ್ಲಿ, ಬೆಕ್ಕಿಗೆ ಎಟುಕದ ಎತ್ತರದ ಕವಲಿನಲ್ಲಿ ಅವಳೇ ಅದನ್ನು ಕೂರಿಸಿದಳು. ಅಡುಗೆಮನೆಯ ಕಿಟಕಿಯ ಹಿಂದೆ ಇಬ್ಬರೂ ಕಾದೆವು. ಹತ್ತು ನಿಮಿಷಕ್ಕೆ ಅವಳಿಗೆ ಅಳು ಬಂದಿತ್ತು. ಅರ್ಧ ಗಂಟೆಯ ಮೇಲೆ ವಿದ್ಯುತ್ ತಂತಿಯ ಮೇಲೊಂದು ಪಿಕಳಾರ ಬಂದು ಕೂತಿತು, ಕೊಕ್ಕಿನಲ್ಲಿ ಮಿಡತೆ. ಅದು ಒಮ್ಮೆ ಕೂಗಿತು. ದಾಸವಾಳದಿಂದ ಕೀಚಲು ಉತ್ತರ ಬಂತು, ಎಲೆಗಳ ನಡುವೆ ಬಾಯಿ ತೆರೆಯಿತು. ಗುಟುಕು ಇಳಿಯಿತು.

ಇಷ್ಟಕ್ಕೆ ಮುಗಿಯಿತೆಂದು ನಾನು ಒಲೆಯ ಕಡೆ ತಿರುಗಿದ್ದೆ. "ಅಂಕಲ್, ನೋಡಿ ಇಲ್ಲಿ" ಎಂದಳು. ಹಕ್ಕಿ ಮತ್ತೆ ಹುಳು ಹಿಡಿದು ಬಂದಿತ್ತು, ಆದರೆ ಈ ಸಲ ದಾಸವಾಳಕ್ಕೆ ಹೋಗಲಿಲ್ಲ. ಕ್ರೋಟನ್ ಕುಂಡಗಳ ಹಿಂದೆ ಇಳಿಯಿತು. ಅಲ್ಲಿ ಇನ್ನೊಂದು ಮರಿ ಕೂತಿತ್ತು. ಬೆಳಗಿನಿಂದ ನಾವಿಬ್ಬರೂ ಆ ಕುಂಡಗಳ ಪಕ್ಕದಲ್ಲೇ ನಾಲ್ಕು ಸಲ ಓಡಾಡಿದ್ದೆವು.

ಆ ವಾರವೆಲ್ಲ ಅವಳು ತನ್ನ ಬೆಕ್ಕನ್ನು ಮನೆಯಿಂದ ಹೊರಗೆ ಬಿಡಲಿಲ್ಲ.